ಎಲೆ ತಿರುಗಿಸಿ ನೋಡುವ ಮಿದುಳು

(ಹಾಸನದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಸುತ್ತಲಿನ ಬೆಳೆಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಆಮೇಲೆ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಮಕ್ಕಳು ಕೂತಿದ್ದೀರಿ. ಹಿಂದಿನ ಸಾಲುಗಳಲ್ಲಿ ಹೊಲ, ತೋಟದ ಕೆಲಸ ಬಿಟ್ಟು ಬಂದವರು ಕೂತಿದ್ದೀರಿ. ಇಬ್ಬರಿಗೂ ಸಂಬಂಧಪಟ್ಟ ಒಂದೇ ವಸ್ತುವನ್ನು ಹಿಡಿದು ಮಾತಾಡುತ್ತೇನೆ. ಅದು ಆಲೂಗಡ್ಡೆ ಎಲೆಯ ಮೇಲಿನ ಕಂದು ಮಚ್ಚೆ.

ನಮ್ಮ ಮುಂಗಾರು ಆಲೂಗಡ್ಡೆಗೆ ಎರಡು ಅಂಗಮಾರಿಗಳ ಕಾಟ. ಒಂದರಲ್ಲಿ ಮಚ್ಚೆ ಒಣಗಿದಂತಿರುತ್ತದೆ, ಅದರೊಳಗೆ ಒಂದರೊಳಗೊಂದು ಉಂಗುರಗಳು ಕಾಣುತ್ತವೆ. ಅದು ಮೊದಲ ಅಂಗಮಾರಿ. ಇನ್ನೊಂದರಲ್ಲಿ ಎಲೆಯ ತುದಿಯಿಂದಲೋ ಅಂಚಿನಿಂದಲೋ ನೀರು ನೆನೆದಂಥ ಮಚ್ಚೆ ಶುರುವಾಗುತ್ತದೆ. ಮೋಡ, ಸೋನೆ, ತಂಪು ಒಟ್ಟಿಗೆ ಹಿಡಿದರೆ ಕೆಲವೇ ದಿನಗಳಲ್ಲಿ ಇಡೀ ಹೊಲ ಕಪ್ಪಾಗುತ್ತದೆ. ಅದು ಕೊನೆ ಅಂಗಮಾರಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಭೀಕರ ಬರಗಾಲ ತಂದದ್ದು ಇದೇ ರೋಗ. ಜಲಂಧರದಿಂದ ಬಂದ ಬಿತ್ತನೆ ಗಡ್ಡೆಗೆ ಸಾಲ ಮಾಡಿ ದುಡ್ಡು ಸುರಿದವನಿಗೆ ಈ ಮಚ್ಚೆ ಯಾವುದು ಎಂದು ಸರಿಯಾಗಿ ಗುರುತಿಸುವುದು ವರ್ಷದ ಅನ್ನದ ಪ್ರಶ್ನೆ.

ಈಗ ಫೋಟೋ ತೆಗೆದರೆ ರೋಗದ ಹೆಸರು ಹೇಳುವ ಆ್ಯಪ್‌ಗಳು ಬಂದಿವೆ. ಅವುಗಳ ಒಳಗಿರುವುದು ಕೃತಕ ನರಜಾಲ. "ಅದು ನಮ್ಮ ಮಿದುಳಿನ ಹಾಗೇ ಕೆಲಸ ಮಾಡುತ್ತದೆ" ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಆ ಮಾತಿನಲ್ಲಿ ನಿಜ ಎಷ್ಟಿದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಈ ಮಚ್ಚೆಯನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಮಿದುಳು. ಅದರ ಒಳಗನ್ನು ಮೊದಲಬಾರಿಗೆ ಸ್ಪಷ್ಟವಾಗಿ ಕಂಡು ಬರೆದವರು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್. ಇಟಲಿಯ ಕಮಿಲ್ಲೊ ಗಾಲ್ಜಿ ಕಂಡುಹಿಡಿದಿದ್ದ ಬಣ್ಣ ಹಾಕುವ ವಿಧಾನವನ್ನೇ ಬಳಸಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಅವರು ಕೈಯಾರೆ ಚಿತ್ರಿಸಿದರು. ಮಿದುಳೆಲ್ಲ ಒಂದೇ ಹೆಣಿಗೆಯ ಬಲೆ ಎಂದು ಗಾಲ್ಜಿ ನಂಬಿದ್ದರು. ಅಲ್ಲ, ಇವು ಬಿಡಿ ಬಿಡಿ ಕೋಶಗಳು, ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ ಅಷ್ಟೆ ಎಂದರು ಕಹಾಲ್. 1906ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿದರು. ಕೊನೆಗೆ ನಿಂತದ್ದು ಕಹಾಲ್ ಮಾತು.

ಒಂದು ನರಕೋಶಕ್ಕೆ ಡೆಂಡ್ರೈಟ್ ಎಂಬ ಕವಲುಗಳ ಮೂಲಕ ಸಾವಿರಾರು ಬೇರೆ ಕೋಶಗಳಿಂದ ಸಂಕೇತಗಳು ಬರುತ್ತಿರುತ್ತವೆ. ಸುಮ್ಮನಿರುವಾಗ ಕೋಶದ ಒಳಗಿನ ವಿದ್ಯುತ್ ಮಟ್ಟ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಬಂದ ಸಂಕೇತಗಳೆಲ್ಲ ಕೂಡಿ ಆ ಮಟ್ಟವನ್ನು ಒಂದು ಮಿತಿ ದಾಟಿಸಿದರೆ ಕೋಶ ಮಿಡಿಯುತ್ತದೆ. ಮಿಲಿಸೆಕೆಂಡಿನಷ್ಟು ಚಿಕ್ಕ ವಿದ್ಯುತ್ ಮಿಡಿತವೊಂದು ಆಕ್ಸಾನ್ ಎಂಬ ಎಳೆಯ ಗುಂಟ ಓಡುತ್ತದೆ. ಎಳೆಯ ತುದಿಯಲ್ಲಿ, ಮುಂದಿನ ಕೋಶದ ಪಕ್ಕದಲ್ಲಿ, ತಲೆಗೂದಲಿಗಿಂತ ಸಾವಿರಾರು ಪಟ್ಟು ಕಿರಿದಾದ ಸಂದು ಇದೆ. ಈ ಜೋಡಣೆಯೇ ಸಿನಾಪ್ಸ್. ಅಲ್ಲಿ ಸಂಕೇತ ಸಾಮಾನ್ಯವಾಗಿ ರಾಸಾಯನಿಕದ ರೂಪದಲ್ಲಿ ದಾಟುತ್ತದೆ. ಕೆಲವು ಸಿನಾಪ್ಸ್‌ಗಳು ಮುಂದಿನ ಕೋಶವನ್ನು ಎಬ್ಬಿಸುತ್ತವೆ, ಕೆಲವು ತಡೆಯುತ್ತವೆ. ಕೆಲವಕ್ಕೆ ಬಲ ಹೆಚ್ಚು, ಕೆಲವಕ್ಕೆ ಕಡಿಮೆ. ಮುಖ್ಯ ಸಂಗತಿ ಏನೆಂದರೆ, ಬಳಕೆಯ ಜೊತೆಗೆ ಈ ಬಲ ಬದಲಾಗುತ್ತದೆ. ಒಟ್ಟಿಗೆ ಮಿಡಿಯುವ ಕೋಶಗಳ ನಡುವಿನ ಜೋಡಣೆ ಗಟ್ಟಿಯಾಗುತ್ತದೆ ಎಂಬ ಊಹೆಯನ್ನು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಮುಂದಿಟ್ಟರು. ಆಮೇಲಿನ ಪ್ರಯೋಗಗಳು ಅದನ್ನು ಬಹುಮಟ್ಟಿಗೆ ಎತ್ತಿಹಿಡಿದವು.

ಕೃತಕ ನರಜಾಲ ಮಿದುಳಿನಿಂದ ಎರವಲು ತಂದದ್ದು ಹೆಚ್ಚುಕಡಿಮೆ ಇಷ್ಟೇ: ಬಂದದ್ದನ್ನು ಕೂಡು, ಮಿತಿ ದಾಟಿದರೆ ಮುಂದಕ್ಕೆ ಕಳಿಸು, ಕಲಿಯಬೇಕಾದರೆ ಜೋಡಣೆಗಳ ಬಲ ಬದಲಿಸು. 1943ರಲ್ಲಿ ವಾರೆನ್ ಮೆಕಲಕ್ ಮತ್ತು ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ವಾಲ್ಟರ್ ಪಿಟ್ಸ್ ಇದನ್ನು ಗಣಿತವಾಗಿ ಬರೆದರು. 1958ರಲ್ಲಿ ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್ ಪರ್ಸೆಪ್ಟ್ರಾನ್ ಎಂಬ ಕಲಿಯುವ ಮಾದರಿಯನ್ನು ಪ್ರಕಟಿಸಿದರು. ಅವರು ಕಟ್ಟಿಸಿದ ಯಂತ್ರಕ್ಕೆ ಕಣ್ಣಿನ ಜಾಗದಲ್ಲಿ 400 ಬೆಳಕಿನ ಸೆಲ್‌ಗಳಿದ್ದವು. ಜೋಡಣೆಯ ಬಲವೆಂದರೆ ಅಲ್ಲಿ ನಿಜವಾದ ತಿರುಪು, ಅದನ್ನು ಪುಟ್ಟ ಮೋಟಾರ್ ತಿರುಗಿಸುತ್ತಿತ್ತು. ಕಲಿಕೆ ಎಂಬುದು ಕಣ್ಣಿಗೆ ಕಾಣುವಂತೆ ನಡೆಯುತ್ತಿತ್ತು ಎಂದು ನೆನೆದರೆ ನನಗೆ ಇವತ್ತಿಗೂ ರೋಮಾಂಚನವಾಗುತ್ತದೆ.

ಆ ಯಂತ್ರ ಮಾಡುತ್ತಿದ್ದುದನ್ನು ನಾವೇ ಮಾಡಬಹುದು. ಪೆನ್ನು, ಕಾಗದ ಇದ್ದವರು ತೆಗೆಯಿರಿ.

ಒಂದೇ ಒಂದು ಕೃತಕ ನರಕೋಶಕ್ಕೆ ಕೊನೆ ಅಂಗಮಾರಿಯನ್ನು ಗುರುತಿಸಲು ಕಲಿಸೋಣ. ಅದಕ್ಕೆ ಮೂರು ಸಂಗತಿ ತಿಳಿಸುತ್ತೇವೆ, ಇದ್ದರೆ 1, ಇಲ್ಲದಿದ್ದರೆ 0. ಹಿಂದಿನ ದಿನಗಳಲ್ಲಿ ತಂಪು, ತೇವ ಇತ್ತೇ? ಅಂಚಿನಲ್ಲಿ ನೀರು ನೆನೆದಂಥ ಮಚ್ಚೆ ಇದೆಯೇ? ಮಚ್ಚೆಯಲ್ಲಿ ಉಂಗುರಗಳಿವೆಯೇ? ಒಂದೊಂದಕ್ಕೂ ಒಂದು ತೂಕ, ಅಂದರೆ ಜೋಡಣೆಯ ಬಲ. ಶುರುವಿನಲ್ಲಿ ಏನೂ ಗೊತ್ತಿಲ್ಲ, ಹಾಗಾಗಿ ಮೂರಕ್ಕೂ 1 ಎಂದೇ ಇಡೋಣ. ಮೊತ್ತ 2 ಅಥವಾ ಅದಕ್ಕಿಂತ ಹೆಚ್ಚಾದರೆ "ಕೊನೆ ಅಂಗಮಾರಿ" ಎನ್ನಬೇಕು, ಕಡಿಮೆಯಾದರೆ "ಅಲ್ಲ" ಎನ್ನಬೇಕು.

ಮೊದಲ ಎಲೆ ಬಂತು. ತೇವ ಇತ್ತು, ಅಂಚಿನ ಮಚ್ಚೆ ಇಲ್ಲ, ಉಂಗುರ ಇದೆ. ಮೊತ್ತ 1 ಮತ್ತು 1 ಸೇರಿ 2. ಕೋಶ "ಕೊನೆ ಅಂಗಮಾರಿ" ಎಂದಿತು. ತಪ್ಪು, ಅದು ಮೊದಲ ಅಂಗಮಾರಿ. ತಪ್ಪಾಗಿ ಹೌದೆಂದರೆ ನಿಯಮ ಇಷ್ಟೇ: ಆ ಸಲ ಹಾಜರಿದ್ದ ಸಂಗತಿಗಳ ತೂಕ ಒಂದೊಂದು ಇಳಿಸು. ಈಗ ತೇವಕ್ಕೆ 0, ಅಂಚಿನ ಮಚ್ಚೆಗೆ 1, ಉಂಗುರಕ್ಕೆ 0.

ಎರಡನೆಯ ಎಲೆ. ತೇವ ಇತ್ತು, ಅಂಚಿನ ಮಚ್ಚೆ ಇದೆ, ಉಂಗುರ ಇಲ್ಲ. ಮೊತ್ತ 0 ಮತ್ತು 1 ಸೇರಿ 1. ಮಿತಿ ದಾಟಲಿಲ್ಲ, ಕೋಶ "ಅಲ್ಲ" ಎಂದಿತು. ಮತ್ತೆ ತಪ್ಪು, ಇದು ಕೊನೆ ಅಂಗಮಾರಿಯೇ. ತಪ್ಪಾಗಿ ಇಲ್ಲವೆಂದರೆ ಹಾಜರಿದ್ದವುಗಳ ತೂಕ ಒಂದೊಂದು ಏರಿಸು. ತೇವಕ್ಕೆ 1, ಅಂಚಿನ ಮಚ್ಚೆಗೆ 2, ಉಂಗುರಕ್ಕೆ 0.

ಈಗ ಎರಡೂ ಎಲೆಗಳನ್ನು ಮತ್ತೆ ತೋರಿಸಿ. ಮೊದಲನೆಯದಕ್ಕೆ 1, "ಅಲ್ಲ". ಎರಡನೆಯದಕ್ಕೆ 3, "ಹೌದು". ಎರಡೂ ಸರಿ. ಅಂಗಮಾರಿ ಎಂದರೇನು ಎಂದು ನಾವು ಅದಕ್ಕೆ ಹೇಳಿಕೊಡಲಿಲ್ಲ. ಎರಡು ಸಲ ತಪ್ಪಿತು, ಎರಡು ಸಲ ತಿದ್ದಿದೆವು, ಮೂರು ಅಂಕಿಗಳಲ್ಲಿ ಒಂದು ತಿಳಿವಳಿಕೆ ಕೂತಿತು. ಇವತ್ತಿನ ದೊಡ್ಡ ಜಾಲಗಳಲ್ಲಿ ನಡೆಯುವುದೂ ಮೂಲದಲ್ಲಿ ಇದೇ. ಮೂರು ತೂಕಗಳ ಬದಲು, ಮಾತು ಬರೆಯುವ ಜಿಪಿಟಿ-3 ಎಂಬ 2020ರ ಜಾಲದಲ್ಲಿ 17,500 ಕೋಟಿ ಇದ್ದವು.

ಆದರೆ ಒಂದೇ ಕೋಶಕ್ಕೆ ದಾಟಲಾಗದ ಗೋಡೆಯೊಂದಿದೆ. ಮನೆಯ ಮೆಟ್ಟಿಲಿಗೆ ಕೆಳಗೊಂದು, ಮೇಲೊಂದು ಸ್ವಿಚ್ ಇರುವ ದೀಪ ನೋಡಿದ್ದೀರಿ. ಎರಡರಲ್ಲಿ ಯಾವುದಾದರೂ ಒಂದು ಮಾತ್ರ ಮೇಲಿದ್ದರೆ ದೀಪ ಹತ್ತುತ್ತದೆ. ಎರಡೂ ಮೇಲಿದ್ದರೂ ಇಲ್ಲ, ಎರಡೂ ಕೆಳಗಿದ್ದರೂ ಇಲ್ಲ. ಈ ಸರಳ ನಿಯಮವನ್ನು ಮೇಲಿನ ಕೋಶಕ್ಕೆ ಎಷ್ಟು ತಿದ್ದಿದರೂ ಕಲಿಸಲಾಗದು. ಪ್ರತಿಯೊಂದು ಸ್ವಿಚ್ಚಿಗೂ ಒಂಟಿಯಾಗಿ ಮಿತಿ ದಾಟಿಸುವಷ್ಟು ತೂಕ ಕೊಟ್ಟರೆ ಎರಡೂ ಸೇರಿದಾಗ ಇನ್ನೂ ಸುಲಭವಾಗಿ ದಾಟುತ್ತದಲ್ಲ? ಮಾರ್ವಿನ್ ಮಿನ್ಸ್ಕಿ ಮತ್ತು ಸೀಮೋರ್ ಪೇಪರ್ಟ್ 1969ರಲ್ಲಿ ಇಂಥ ಮಿತಿಗಳನ್ನು ಗಣಿತದಿಂದ ತೋರಿಸಿದ ಮೇಲೆ ಈ ಕ್ಷೇತ್ರದ ಉತ್ಸಾಹ ಬಹಳ ಕಾಲ ತಣ್ಣಗಾಯಿತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. 2020ರಲ್ಲಿ ಸಂಶೋಧಕರು ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಮಾನವ ಮಿದುಳಿನ ತುಣುಕುಗಳಲ್ಲಿ ಒಂದೊಂದು ಕೋಶದ ಡೆಂಡ್ರೈಟ್‌ಗಳನ್ನು ಅಳೆದರು. ಮೆಟ್ಟಿಲ ದೀಪದ ಲೆಕ್ಕವನ್ನು ಮಾಡಬಲ್ಲಂಥ ವರ್ತನೆ ಆ ಕವಲುಗಳಲ್ಲೇ ಕಂಡಿತು. ಅಲ್ಪ ಪ್ರಚೋದನೆಗೆ ಜೋರಾಗಿ ಮಿಡಿಯುವ ಕವಲು, ಪ್ರಚೋದನೆ ಮಿತಿಮೀರಿದರೆ ಸುಮ್ಮನಾಗುತ್ತದೆ. ಮರುವರ್ಷ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದವರು, ಮಿದುಳ ತೊಗಟೆಯ, ಅಂದರೆ ಮಿದುಳಿನ ಹೊರಪದರದ, ಒಂದೇ ಕೋಶದ ನಡವಳಿಕೆಯನ್ನು ಅನುಕರಿಸಲು ಐದರಿಂದ ಎಂಟು ಪದರಗಳ ಕೃತಕ ಜಾಲವೇ ಬೇಕು ಎಂದು ತೋರಿಸಿದರು. ಅಂದರೆ ನಾವು ಕೋಶ ಎಂದು ಕರೆದು ಕೂಡುವ ಲೆಕ್ಕಕ್ಕೂ ಜೀವಂತ ಕೋಶಕ್ಕೂ ಇರುವ ಅಂತರ ಅಗಾಧ. "ಇದರಲ್ಲಿ ಇಷ್ಟು ಕೋಟಿ, ಮಿದುಳಿನಲ್ಲಿ ಅಷ್ಟು ಕೋಟಿ" ಎಂದು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಪಂದ್ಯ ಏರ್ಪಡಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕೇಳುವವರು ಇರುತ್ತೀರಿ, ಅದಕ್ಕೆ ಹೇಳುತ್ತೇನೆ: ಮಾನವ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ತಲೆಯ ಹಿಂಭಾಗದ ಪುಟ್ಟ ಸೆರೆಬೆಲ್ಲಮ್‌ನಲ್ಲಿದೆ.

ಗೋಡೆಯನ್ನು ದಾಟಿಸಿದ್ದು ಪದರಗಳು. ಕೋಶಗಳನ್ನು ಪದರ ಪದರವಾಗಿ ಇಟ್ಟರೆ ಮೆಟ್ಟಿಲ ದೀಪ ಸಲೀಸು. ತೊಡಕು ಬೇರೆ ಕಡೆ ಬಂತು. ಕೊನೆಯಲ್ಲಿ ಉತ್ತರ ತಪ್ಪಾದರೆ ನಡುವಿನ ಪದರಗಳಲ್ಲಿ ಯಾವ ತೂಕದ ತಪ್ಪು ಎಷ್ಟು? ಪಿಯುಸಿಯಲ್ಲಿ ಡಿಫರೆನ್ಸಿಯೇಷನ್ ಕಲಿಯುವಾಗ ಚೈನ್ ರೂಲ್ ಮಾಡಿದ್ದೀರಲ್ಲ, ಉತ್ತರ ಅಲ್ಲಿದೆ. ಕೊನೆಯ ತಪ್ಪಿನಿಂದ ಶುರುಮಾಡಿ, "ಈ ತೂಕ ಒಂದು ಚೂರು ಬದಲಾದರೆ ತಪ್ಪು ಎಷ್ಟು ಬದಲಾಗುತ್ತದೆ" ಎಂದು ಪದರದಿಂದ ಪದರಕ್ಕೆ ಹಿಂದೆ ಹಿಂದೆ ಲೆಕ್ಕ ಹಾಕುತ್ತ ಹೋಗುವುದು. ಪ್ರತಿ ತೂಕವನ್ನೂ ತಪ್ಪು ಕಡಿಮೆಯಾಗುವ ಕಡೆಗೆ ಚೂರೇ ಚೂರು ಸರಿಸುವುದು. ಇದೇ ಬ್ಯಾಕ್‌ಪ್ರೊಪಗೇಷನ್. 1970ರ ದಶಕದಲ್ಲೇ ಇದರ ಗಣಿತ ಕೆಲವರ ಕೈಯಲ್ಲಿತ್ತು. 1986ರಲ್ಲಿ ಡೇವಿಡ್ ರೂಮೆಲ್‌ಹಾರ್ಟ್, ಜೆಫ್ರಿ ಹಿಂಟನ್, ರೊನಾಲ್ಡ್ ವಿಲಿಯಮ್ಸ್ ಬರೆದ ಪ್ರಬಂಧದಿಂದ ಜಗತ್ತಿನ ಗಮನ ಸೆಳೆಯಿತು. ನರಜಾಲಗಳ ಕೆಲಸಕ್ಕೆ 2024ರ ಭೌತಶಾಸ್ತ್ರದ ನೊಬೆಲ್ ಪಡೆದ ಇಬ್ಬರಲ್ಲಿ ಹಿಂಟನ್ ಒಬ್ಬರು, ಇನ್ನೊಬ್ಬರು ಜಾನ್ ಹಾಪ್‌ಫೀಲ್ಡ್.

ಮಿದುಳು ಹೀಗೆ ಕಲಿಯುತ್ತದೆಯೇ? ಡಿಎನ್‌ಎ ರಚನೆ ಕಂಡುಹಿಡಿದವರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ 1989ರಲ್ಲೇ ಇದನ್ನು ಪ್ರಶ್ನಿಸಿದರು. ಆಕ್ಸಾನಿನಲ್ಲಿ ಸಂಕೇತ ಒಂದೇ ದಿಕ್ಕಿಗೆ ಓಡುತ್ತದೆ. ತಪ್ಪಿನ ಲೆಕ್ಕ ಅದೇ ದಾರಿಯಲ್ಲಿ, ಅಷ್ಟು ನಿಖರವಾಗಿ, ಹಿಂದಕ್ಕೆ ಬರಲು ಅಲ್ಲಿ ವ್ಯವಸ್ಥೆ ಕಾಣುವುದಿಲ್ಲ. ಇದಕ್ಕೆ ಹತ್ತಿರವಾದ ಬೇರೇನನ್ನೋ ಮಿದುಳು ಮಾಡುತ್ತಿರಬಹುದು ಎಂದು ಹುಡುಕುವವರು ಇವತ್ತಿಗೂ ಹುಡುಕುತ್ತಿದ್ದಾರೆ.

ಫೋಟೋ ನೋಡುವ ಜಾಲಗಳಿಗೆ ಮಿದುಳಿನ ಇನ್ನೊಂದು ಎರವಲಿದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1950ರ ದಶಕದ ಕೊನೆಯಲ್ಲಿ ಬೆಕ್ಕಿನ ಮಿದುಳಿನ ದೃಷ್ಟಿಭಾಗದಲ್ಲಿ ಒಂದೊಂದೇ ಕೋಶದ ಮಿಡಿತ ಕೇಳುತ್ತ ಕೂತರು. ಬೆಳಕಿನ ಚುಕ್ಕೆ ತೋರಿಸಿದರೆ ಕೋಶ ಮಾತಾಡಲಿಲ್ಲ. ಪ್ರೊಜೆಕ್ಟರಿಗೆ ಗಾಜಿನ ಸ್ಲೈಡ್ ತೂರಿಸುವಾಗ ಅದರ ಅಂಚಿನ ನೆರಳಿನ ಗೆರೆ ಸರಿದಾಗ ಪಟಪಟನೆ ಮಿಡಿಯಿತು. ಒಂದೊಂದು ಕೋಶ ಒಂದೊಂದು ಓರೆಯ ಗೆರೆಗೆ ಕಾದಿರುತ್ತದೆ ಎಂದು ಹೀಗೆ ತಿಳಿಯಿತು. ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ಈ ರಚನೆಯನ್ನೇ ಜಾಲಕ್ಕೆ ತಂದರು, ಯಾನ್ ಲಕುನ್ ಅದಕ್ಕೆ ಬ್ಯಾಕ್‌ಪ್ರೊಪಗೇಷನ್ ಸೇರಿಸಿ ಕೈಬರಹದ ಅಂಕಿ ಓದಿಸಿದರು. 2012ರಲ್ಲಿ ಅಲೆಕ್ಸ್‌ನೆಟ್ ಎಂಬ ಜಾಲ 12 ಲಕ್ಷ ಚಿತ್ರಗಳಿಂದ ಕಲಿತು ಸ್ಪರ್ಧೆಯೊಂದರಲ್ಲಿ ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿತು. ಕಲಿತ ಮೇಲೆ ಅದರ ಮೊದಲ ಪದರದೊಳಗೆ ಇಣುಕಿದರೆ ಅಲ್ಲಿ ಓರೆಗೆರೆಗಳು ಕೂತಿದ್ದವು. ಯಾರೂ ಹೇಳಿಕೊಟ್ಟಿರಲಿಲ್ಲ. ಬೆಕ್ಕಿನ ಮಿದುಳು ಮತ್ತು ಸಿಲಿಕಾನ್ ಎರಡೂ ಒಂದೇ ಜಗತ್ತನ್ನು ನೋಡಿ ಮೊದಲ ಮೆಟ್ಟಿಲಲ್ಲಿ ಒಂದೇ ಉತ್ತರಕ್ಕೆ ಬಂದವು. ಹೋಲಿಕೆ ನಿಜವಾಗಿ ಇದೆ ಎಂದು ನಾನು ನಂಬುವುದು ಇಲ್ಲಿ.

ಈಗ ನಮ್ಮ ಆಲೂಗಡ್ಡೆ ಎಲೆಗೆ ಬರೋಣ. ಪ್ಲಾಂಟ್‌ವಿಲೇಜ್ ಎಂಬ ಮುಕ್ತ ಸಂಗ್ರಹವೊಂದಿದೆ. ಅದರಲ್ಲಿ 14 ಬೆಳೆಗಳ, 26 ರೋಗಗಳ 54 ಸಾವಿರಕ್ಕೂ ಹೆಚ್ಚು ಎಲೆಗಳ ಫೋಟೋಗಳಿವೆ. ಆಲೂಗಡ್ಡೆಯ ಎರಡೂ ಅಂಗಮಾರಿಗಳೂ ಇವೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಫೋಟೋಗಳಿಂದ ಕಲಿತ ಜಾಲ, ತಾನು ಮೊದಲು ನೋಡಿರದ, ಆದರೆ ಇದೇ ಸಂಗ್ರಹದ ಫೋಟೋಗಳಲ್ಲಿ ಶೇ. 99.35ರಷ್ಟು ಸರಿ ಹೇಳಿತು. ಯಾವ ಅಧಿಕಾರಿಯೂ, ಯಾವ ರೈತನೂ ಹೀಗೆ ಹೇಳಲಾರ ಎನಿಸುತ್ತದೆ. ಅದೇ ಪ್ರಬಂಧದಲ್ಲೇ ಇನ್ನೊಂದು ಅಂಕಿ ಇದೆ. ಬೇರೆ ಕಡೆ, ಬೇರೆ ರೀತಿಯಲ್ಲಿ ತೆಗೆದ ಫೋಟೋಗಳನ್ನು ಕೊಟ್ಟಾಗ ಅದೇ ಜಾಲ ಸರಿ ಹೇಳಿದ್ದು ಶೇ. 31ರಷ್ಟು. ಆ ಸಂಶೋಧಕರು ಇದನ್ನು ಮುಚ್ಚಿಡದೆ ಬರೆದರು, ಅದಕ್ಕಾಗಿ ಅವರ ಮೇಲೆ ನನಗೆ ಗೌರವ.

ಏನಾಯಿತು? ಆ ಸಂಗ್ರಹದ ಎಲೆಗಳನ್ನು ಗಿಡದಿಂದ ಕಿತ್ತು, ಒಂದೇ ಬಣ್ಣದ ಹಾಸಿನ ಮೇಲೆ ಇಟ್ಟು ಫೋಟೋ ತೆಗೆದಿದ್ದರು. 2022ರಲ್ಲಿ ಒಬ್ಬ ಸಂಶೋಧಕರು ಎಲೆಯನ್ನು ಬಿಟ್ಟು, ಹಿನ್ನೆಲೆಯ ಬರೀ ಎಂಟು ಪಿಕ್ಸೆಲ್‌ಗಳನ್ನು ಕೊಟ್ಟು ಯಂತ್ರಕ್ಕೆ ರೋಗ ಹೇಳಲು ಕಲಿಸಿದರು. ಕಣ್ಣುಮುಚ್ಚಿ ಊಹಿಸಿದರೆ ಶೇ. 2.6 ಸರಿಯಾಗಬೇಕಾದ ಕಡೆ ಅದು ಶೇ. 49 ಸರಿ ಹೇಳಿತು. ಎಲೆಯನ್ನೇ ನೋಡಲಿಲ್ಲ! ಒಂದೊಂದು ರೋಗದ ಫೋಟೋಗಳನ್ನು ಒಂದೊಂದು ಸಂದರ್ಭದಲ್ಲಿ, ಒಂದೊಂದು ಬೆಳಕಿನಲ್ಲಿ ತೆಗೆದಿದ್ದರೆ ಹಿನ್ನೆಲೆಯಲ್ಲೇ ಉತ್ತರ ಬರೆದಿಟ್ಟಂತೆ. ಜಾಲ ಮೋಸ ಮಾಡಲಿಲ್ಲ. ತಪ್ಪು ಕಡಿಮೆ ಮಾಡು ಎಂದು ಹೇಳಿದ್ದೆವು, ಅತಿ ಸುಲಭದ ದಾರಿಯಲ್ಲಿ ಅದನ್ನು ಮಾಡಿತು. ರೋಗ ಎಂಬುದೊಂದಿದೆ, ಗಿಡಕ್ಕೆ ಬರುತ್ತದೆ, ಹೊಲವನ್ನು ಹಾಳುಮಾಡುತ್ತದೆ ಎಂಬುದೆಲ್ಲ ಆ ತೂಕಗಳಲ್ಲಿ ಎಲ್ಲೂ ಇಲ್ಲ.

ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು 2018ರಲ್ಲಿ ತೋರಿಸಿದ ಚಿತ್ರವೊಂದಿದೆ. ಆಕಾರ ಬೆಕ್ಕಿನದು, ಮೇಲಿನ ಚರ್ಮ ಮಾತ್ರ ಆನೆಯದು. ನಾವೆಲ್ಲ ಬೆಕ್ಕು ಎನ್ನುತ್ತೇವೆ. ಜಾಲ "ಭಾರತದ ಆನೆ" ಎಂದಿತು. ಮಾಮೂಲಿ ಫೋಟೋಗಳಿಂದ ಕಲಿತ ಜಾಲಗಳು ಆಕಾರಕ್ಕಿಂತ ಮೇಲ್ಮೈಯ ನೇಯ್ಗೆಯನ್ನೇ ನೆಚ್ಚುತ್ತವೆ. ನಿಮ್ಮ ಮನೆಯ ಮೂರು ವರ್ಷದ ಮಗುವನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ, ದೇವಸ್ಥಾನದ ಗೋಡೆಯ ಕೆಳಸಾಲನ್ನು ತೋರಿಸಿ. ಅಲ್ಲಿರುವುದು ಬಳಪದ ಕಲ್ಲು. ಆನೆಯ ಬಣ್ಣವಿಲ್ಲ, ಚರ್ಮವಿಲ್ಲ, ಗಾತ್ರವಿಲ್ಲ, ಕೆಲವು ಕಡೆ ಸೊಂಡಿಲು ಮುರಿದಿದೆ. ಮಗು "ಆನೆ!" ಎಂದು ಕೂಗುತ್ತದೆ. ಹಾಗೆಂದು ಜಾಲಕ್ಕೆ ಇದು ಎಂದೂ ಬಾರದು ಎಂದಲ್ಲ. ಅದೇ ಸಂಶೋಧಕರು ಮೇಲ್ಮೈಗಳನ್ನು ಅದಲುಬದಲು ಮಾಡಿದ ಚಿತ್ರಗಳನ್ನು ಕೊಟ್ಟು ಕಲಿಸಿದಾಗ ಜಾಲ ಆಕಾರವನ್ನು ನೋಡಲು ಶುರುಮಾಡಿತು. ಏನು ತೋರಿಸಿದೆವೋ ಅದರಂತೆ ಅದು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಅರುಣ್ ಅವರ ತಂಡ 2021ರಲ್ಲಿ ಇಂಥ ಹೋಲಿಕೆಯನ್ನು ಬಲು ಅಚ್ಚುಕಟ್ಟಾಗಿ ಮಾಡಿತು. ತಲೆಕೆಳಗಾದ ಮುಖದ ಚಿತ್ರದಲ್ಲಿ ಕಣ್ಣು, ಬಾಯಿಗಳನ್ನು ಮಾತ್ರ ತಿರುಗಿಸಿಟ್ಟರೆ ನಮಗೆ ಚಟ್ಟನೆ ಗೊತ್ತಾಗುವುದಿಲ್ಲ, ಮುಖವನ್ನು ನೆಟ್ಟಗೆ ಮಾಡಿದೊಡನೆ ವಿಕಾರವಾಗಿ ಕಾಣುತ್ತದೆ. ಮುಖಗಳಿಂದ ಕಲಿತ ಜಾಲದಲ್ಲಿ ಈ ಗುಣ ಕಂಡಿತು, ವಸ್ತುಗಳಿಂದ ಕಲಿತ ಜಾಲದಲ್ಲಿ ಕಾಣಲಿಲ್ಲ. ಮೊದಲು ಒಟ್ಟು ರೂಪ, ಆಮೇಲೆ ವಿವರ ಎಂಬ ನಮ್ಮ ಕಣ್ಣಿನ ಅಭ್ಯಾಸ ಯಾವುದರಲ್ಲೂ ಸರಿಯಾಗಿ ಬಂದಿರಲಿಲ್ಲ.

ನಾನು ಹೇಳಬೇಕೆಂದು ಬಂದ ಮಾತು ಇದು. ಮಿದುಳಿಗೂ ಜಾಲಕ್ಕೂ ಇರುವ ದೊಡ್ಡ ವ್ಯತ್ಯಾಸ ಕೋಶಗಳ ಲೆಕ್ಕದಲ್ಲಿಲ್ಲ. ಜಾಲಕ್ಕೆ ಫೋಟೋವನ್ನು ನಾವು ಕೊಡುತ್ತೇವೆ. ಮಿದುಳು ತಾನೇ ಹೋಗಿ ನೋಡುತ್ತದೆ.

ಅನುಭವಸ್ಥ ಬೆಳೆಗಾರ ಮಚ್ಚೆ ಕಂಡಾಗ ಏನು ಮಾಡುತ್ತಾನೆ? ಎಲೆಯನ್ನು ತಿರುಗಿಸುತ್ತಾನೆ. ಬೆಳಗಿನ ತೇವ ಆರುವ ಮೊದಲು ಎಲೆಯ ಅಡಿಯಲ್ಲಿ ಬೂದುಬಿಳಿ ಬೂಸ್ಟು ಕಂಡರೆ ಕೊನೆ ಅಂಗಮಾರಿ ಎಂದು ಅವನಿಗೆ ಗೊತ್ತು. ಕಾಂಡ ನೋಡುತ್ತಾನೆ, ಮೂಸುತ್ತಾನೆ. ಹೊಲದ ತಗ್ಗಿನ ಮೂಲೆಗೆ ನಡೆದು ಅಲ್ಲಿಯೂ ಹೀಗಿದೆಯೇ ಎಂದು ನೋಡುತ್ತಾನೆ. ಪಕ್ಕದ ಹೊಲದವನನ್ನು ಕೂಗಿ ಕೇಳುತ್ತಾನೆ. ಅನುಮಾನ ಬಂದ ಕಡೆಗೇ ಕೈ ಹೋಗುತ್ತದೆ. ಮುಂದಿನ ಪ್ರಶ್ನೆ ಯಾವುದೆಂದು ಮಿದುಳೇ ತೀರ್ಮಾನಿಸಿ, ಅದಕ್ಕೆ ಬೇಕಾದ ದೃಶ್ಯವನ್ನು ಕೈಕಾಲುಗಳಿಂದ ತಂದುಕೊಳ್ಳುತ್ತದೆ. ಔಷಧಿ ಹೊಡೆದ ಮೇಲೆ ಏನಾಯಿತು ಎಂಬುದನ್ನೂ ಅದೇ ಮಿದುಳು ಉಣ್ಣಬೇಕು.

ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ 1963ರಲ್ಲಿ ಮಾಡಿದ ಪ್ರಯೋಗ ಇದಕ್ಕೆ ನೇರ ಸಾಕ್ಷಿ. ಕತ್ತಲಲ್ಲಿ ಬೆಳೆಸಿದ ಎರಡೆರಡು ಬೆಕ್ಕಿನ ಮರಿಗಳನ್ನು ದಿನಕ್ಕೆ ಕೆಲವು ಗಂಟೆ ಒಂದು ತಿರುಗಣೆಗೆ ಕಟ್ಟುತ್ತಿದ್ದರು. ಒಂದು ಮರಿ ನಡೆಯುತ್ತಿತ್ತು. ಇನ್ನೊಂದು ಬುಟ್ಟಿಯಲ್ಲಿ ಕೂತು, ಮೊದಲನೆಯದು ನಡೆದಂತೆ ಸುತ್ತುತ್ತಿತ್ತು. ಎರಡೂ ನೋಡಿದ್ದು ಒಂದೇ ಗೋಡೆ, ಒಂದೇ ಪಟ್ಟೆಗಳು. ನಡೆದ ಮರಿಯ ದೃಷ್ಟಿ ಸರಿಯಾಗಿ ಬೆಳೆಯಿತು. ಕೂತ ಮರಿ ಮೇಜಿನ ಹತ್ತಿರ ತಂದರೆ ಕಾಲು ಚಾಚಲಿಲ್ಲ, ಆಳ ಕಂಡರೆ ಹಿಂಜರಿಯಲಿಲ್ಲ. ಕಣ್ಣಿಗೆ ಚಿತ್ರ ಬಿದ್ದರೆ ಸಾಲದು, ತನ್ನ ನಡಿಗೆಯಿಂದ ಆ ಚಿತ್ರ ಬದಲಾಗುವುದನ್ನು ಮಿದುಳು ಕಾಣಬೇಕು. ನಮ್ಮ ಫೋಟೋ ಜಾಲಗಳೆಲ್ಲ ಬುಟ್ಟಿಯಲ್ಲಿ ಕೂತ ಮರಿಗಳು.

ಮರೆವಿನ ವಿಷಯವೂ ಕುತೂಹಲದ್ದು. ಆಲೂಗಡ್ಡೆ ರೋಗ ಕಲಿತ ಜಾಲಕ್ಕೆ ಆಮೇಲೆ ಬರೀ ಕಾಫಿ ಎಲೆಯ ತುಕ್ಕು ರೋಗವನ್ನು ಕಲಿಸುತ್ತ ಹೋದರೆ ಆಲೂಗಡ್ಡೆ ಅಳಿಸಿಹೋಗುತ್ತದೆ, ಅವೇ ತೂಕಗಳ ಮೇಲೆ ಹೊಸದನ್ನು ಬರೆದದ್ದರಿಂದ. 1989ರಿಂದಲೇ ಇದು ಗೊತ್ತು. ಸಕಲೇಶಪುರದಲ್ಲಿ ಮೆಣಸು ಕಲಿತವನು ಏಲಕ್ಕಿಯನ್ನು ಮರೆಯುವುದಿಲ್ಲವಲ್ಲ, ಹೇಗೆ? ಮಿದುಳಿನೊಳಗೆ ಹಿಪ್ಪೊಕ್ಯಾಂಪಸ್ ಎಂಬ ಭಾಗ ಹೊಸ ಅನುಭವವನ್ನು ಬೇಗ ಹಿಡಿದಿಟ್ಟುಕೊಳ್ಳುತ್ತದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗಕ್ಕೆಂದು ಎರಡೂ ಬದಿಯ ಆ ಭಾಗವನ್ನು ಬಹುಪಾಲು ತೆಗೆದುಹಾಕಿದರು. ಹಳೆಯ ನೆನಪುಗಳು ಉಳಿದವು, ಹೊಸ ಘಟನೆಗಳ ನೆನಪು ಕೂರುವುದೇ ನಿಂತುಹೋಯಿತು. 1994ರಲ್ಲಿ ಇಲಿಗಳಲ್ಲಿ ಕಂಡದ್ದು ಇನ್ನೂ ಸೊಗಸು: ಹಗಲು ಓಡಾಡುವಾಗ ಒಟ್ಟಿಗೆ ಮಿಡಿದ ಹಿಪ್ಪೊಕ್ಯಾಂಪಸ್ ಕೋಶಗಳು ಆಮೇಲೆ ನಿದ್ದೆಯಲ್ಲಿ ಮತ್ತೆ ಒಟ್ಟಿಗೆ ಮಿಡಿಯುತ್ತವೆ. ಹೊಸದನ್ನು ಹೀಗೆ ಮತ್ತೆ ಮತ್ತೆ ಆಡಿಸುತ್ತ, ಹಳೆಯದನ್ನು ಕೆಡಿಸದಂತೆ ಮಿದುಳ ತೊಗಟೆಗೆ ನಿಧಾನವಾಗಿ ಸೇರಿಸುವುದು ನಿದ್ದೆಯ ಒಂದು ಕೆಲಸ ಎಂದು ಬಹಳ ಮಂದಿ ನರವಿಜ್ಞಾನಿಗಳು ನಂಬುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿಯಿಡೀ ಓದುವ ಮಕ್ಕಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ವಿದ್ಯುತ್ತಿನ ಮಾತು ಬೇಗ ಮುಗಿಸುತ್ತೇನೆ. ಮಿದುಳು ಓಡುವುದು ಸುಮಾರು 20 ವ್ಯಾಟ್‌ನಲ್ಲಿ, ಅಂದರೆ ದಿನಕ್ಕೆ ಅರ್ಧ ಯೂನಿಟ್. ಜಿಪಿಟಿ-3ಕ್ಕೆ ಕಲಿಸಲು ಸುಮಾರು 12.87 ಲಕ್ಷ ಯೂನಿಟ್ ಬೇಕಾಯಿತು ಎಂದು 2021ರಲ್ಲಿ ಪ್ರಕಟವಾದ ಅಂದಾಜು. ಒಂದು ಮಿದುಳನ್ನು ಏಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಓಡಿಸುವಷ್ಟು.

ಜಾಲದ ಕೈ ಮೇಲಾಗುವ ಜಾಗವೂ ಇದೆ, ಅದನ್ನು ಹೇಳದೆ ಹೋದರೆ ಅನ್ಯಾಯ. ಒಂದು ಜಾಲ ಕಲಿತದ್ದನ್ನು ಲಕ್ಷ ಫೋನುಗಳಿಗೆ ಒಂದು ಅಂಕಿಯೂ ಬದಲಾಗದಂತೆ ಹಂಚಬಹುದು. ನಲವತ್ತು ಮುಂಗಾರು ಕಂಡ ಬೆಳೆಗಾರನ ಕಣ್ಣನ್ನು ಹಾಗೆ ಹಂಚಲಾಗದು. ಹಳ್ಳಿ ಹಳ್ಳಿಯಲ್ಲಿ ಅಂಥ ಕಣ್ಣುಗಳು ಮುಚ್ಚುತ್ತಿವೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ಆ ತಿಳಿವಳಿಕೆಯ ಒಂದು ಪಾಲನ್ನಾದರೂ ಉಳಿಸಲು ಈ ತಂತ್ರ ಬಳಕೆಯಾಗಬೇಕು ಎಂಬುದು ನನ್ನ ಆಸೆ.

ಪ್ರಶ್ನೋತ್ತರದಲ್ಲಿ ಮೊದಲು ಎದ್ದವರು ಹಿಂದಿನ ಸಾಲಿನ ಯಜಮಾನರೊಬ್ಬರು. "ಹಂಗಾದ್ರೆ ಸಾರ್, ಆ ಆ್ಯಪ್ ನಂಬ್ಬೇಕೋ ಬ್ಯಾಡ್ವೋ? ಅದುನ್ನ ಹೇಳಿ."

ನಾನು ಹೇಳಿದ್ದು ಇಷ್ಟು. ಯಜಮಾನ್ರೇ, ಅದು ಹೇಳಿದ್ದನ್ನು ಒಬ್ಬ ಹೊಸಬನ ಮಾತು ಎಂದು ತಗೊಳ್ಳಿ. ಎಲೆಯ ಅಡಿಯನ್ನು ನೀವೇ ನೋಡಿ. ಬೇರೆ ಬೇರೆ ಗಿಡದ ನಾಲ್ಕೈದು ಫೋಟೋ ಕೊಟ್ಟಾಗ ಒಂದೊಂದಕ್ಕೆ ಒಂದೊಂದು ಹೆಸರು ಹೇಳಿದರೆ ನೆಚ್ಚಬೇಡಿ. ಅದರ ಮಾತು ನಿಮ್ಮ ಕಣ್ಣಿಗೆ ಒಪ್ಪದಿದ್ದರೆ, ದುಬಾರಿ ಔಷಧಿ ತರುವ ಮೊದಲು ಗಿಡವನ್ನೇ ಕಿತ್ತುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಹೋಗಿ ತೋರಿಸಿ. ಮೋಡ ಕವಿದು ತಂಪು ಹಿಡಿದಿದ್ದರೆ ಆ ದಿನವೇ ಹೋಗಿ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಜಾಲ ತಪ್ಪು ಮಾಡೋದಕ್ಕೆ ನಾವು ಕೊಟ್ಟ ಫೋಟೋ ಕಾರಣ ಅಂದ್ರಿ. ನಮ್ಮ ಕಾಲೇಜಲ್ಲೇ ಸರಿಯಾದ್ದು ಮಾಡಬಹುದಾ?"

ಮಾಡಬಹುದಮ್ಮ, ಮಾಡಲೇಬೇಕು. ಸೊನ್ನೆಯಿಂದ ಶುರುಮಾಡಬೇಕಿಲ್ಲ. ಲಕ್ಷಾಂತರ ಚಿತ್ರಗಳಿಂದ ಕಲಿತ ಜಾಲಗಳು ಉಚಿತವಾಗಿ ಸಿಗುತ್ತವೆ. ಗೆರೆ, ಅಂಚು, ಬಣ್ಣ ಗುರುತಿಸುವ ಅದರ ಕೆಳ ಪದರಗಳನ್ನು ಹಾಗೇ ಇಟ್ಟುಕೊಂಡು ಕೊನೆಯ ಪದರಕ್ಕೆ ಮಾತ್ರ ಅಂಗಮಾರಿ ಕಲಿಸಿದರೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಕಷ್ಟದ ಕೆಲಸ ಫೋಟೋಗಳದ್ದು. ಎಲೆ ಕೀಳಬೇಡಿ, ಗಿಡದಲ್ಲೇ ತೆಗೆಯಿರಿ. ಮೇಲೊಂದು, ಅಡಿಯದೊಂದು, ಇಡೀ ಗಿಡದ್ದೊಂದು. ಬೆಳಗ್ಗೆ, ಮಧ್ಯಾಹ್ನ, ಮೋಡದಲ್ಲಿ, ಅಗ್ಗದ ಫೋನಿನಲ್ಲಿ, ಕೈ ನಡುಗಿ ಮಸುಕಾದದ್ದನ್ನೂ ಇಟ್ಟುಕೊಳ್ಳಿ. ತಾರೀಖು, ಊರು, ತಳಿ, ಹಿಂದಿನ ದಿನಗಳ ಮಳೆ ಬರೆಯಿರಿ. ರೋಗದ ಹೆಸರನ್ನು ತಜ್ಞರಿಂದ ಬರೆಸಿ, ನಿಮ್ಮ ಮನೆಯ ಹಿರಿಯರು ಬೇರೆ ಹೇಳಿದರೆ ಅದನ್ನೂ ಪಕ್ಕದಲ್ಲಿ ಬರೆದಿಡಿ. ಕಲಿಸಿದ ಹೊಲದ ಫೋಟೋಗಳಿಂದಲೇ ಪರೀಕ್ಷೆ ಮಾಡಿದರೆ ಮತ್ತೆ ಆ ಶೇ. 99 ಬರುತ್ತದೆ, ಅದಕ್ಕೆ ಬೆಲೆಯಿಲ್ಲ. ಅರಕಲಗೂಡಿನ ಹೊಲಗಳಿಂದ ಕಲಿಸಿ, ಆಲೂರಿನ ಹೊಲಗಳಲ್ಲಿ ಪರೀಕ್ಷಿಸಿ, ಆಮೇಲೆ ಅಲ್ಲಿ ಬಂದ ಅಂಕಿಯನ್ನು ಎಷ್ಟೇ ಕಡಿಮೆಯಿದ್ದರೂ ಹಾಗೇ ಪ್ರಕಟಿಸಿ.